ಹೊಗೆಗಂಟೆಯ ಹೊಟ್ಟೆಪಾಡು

ತರ್ಕಶಾಸ್ತ್ರದ ಮೊದಲ ಪಾಠಗಳನ್ನು ಕೇಳಿದವರಿಗೆ ಆ ಬೆಟ್ಟ ನೆನಪಿರಬೇಕು. ದೂರದ ಬೆಟ್ಟದ ಮೇಲೆ ಹೊಗೆ ಏಳುತ್ತಿದೆ. ಆದ್ದರಿಂದ ಅಲ್ಲಿ ಬೆಂಕಿಯಿದೆ ಎಂದು ನಾವು ನಿಶ್ಚಯಿಸುತ್ತೇವೆ. ಇದಕ್ಕೆ ದೃಷ್ಟಾಂತ ಯಾವುದೆಂದರೆ ಅಡುಗೆಯ ಮನೆ. ಅಲ್ಲಿ ಹೊಗೆಯೂ ಬೆಂಕಿಯೂ ಜೊತೆಯಾಗಿರುವುದನ್ನು ನಿತ್ಯವೂ ಕಂಡಿದ್ದೇವಲ್ಲವೆ? ಹದಿನೇಳನೆಯ ಶತಮಾನದಲ್ಲಿ ಅನ್ನಂಭಟ್ಟ ‘ತರ್ಕಸಂಗ್ರಹ’ವನ್ನು ರಚಿಸುವ ವೇಳೆಗಾಗಲೇ ಈ ಉದಾಹರಣೆ ಬಹು ಹಳೆಯದಾಗಿತ್ತು. ನಮ್ಮ ನೈಯಾಯಿಕರು ಬೆಟ್ಟವನ್ನೂ ಹೊಗೆಯನ್ನೂ ಅಡುಗೆಮನೆಯನ್ನೂ ಹಿಡಿದುಕೊಂಡು ಶತಮಾನಗಳ ಕಾಲ ವಾದ ಮಾಡಿದರು.

ಆದರೆ ಈ ನಿಶ್ಚಯಕ್ಕೆ ಒಂದು ಸಣ್ಣ ಷರತ್ತು ಇದೆ. ಹೊಗೆಯನ್ನು ನೋಡುವವನು ಎಚ್ಚರವಾಗಿರಬೇಕು. ನಡುರಾತ್ರಿಯಲ್ಲಿ ಬೆಂಕಿ ಬಿದ್ದದ್ದು ಬೆಟ್ಟಕ್ಕಲ್ಲ, ಮಲಗಿರುವವನ ಮನೆಗೇ ಆದರೆ ಏನು ಗತಿ? ಹೊಗೆಯ ವಾಸನೆಗೆ ಎಚ್ಚರವಾಗುತ್ತದೆಂದು ಬಹುಮಂದಿ ನಂಬಿದ್ದಾರೆ. ಅದು ನಂಬತಕ್ಕ ಮಾತಲ್ಲ. ನಿದ್ದೆಯಲ್ಲಿ ಕಿವಿ ಅಷ್ಟಿಷ್ಟು ಕಾವಲಿರುತ್ತದೆ, ಮೂಗು ಮಾತ್ರ ಯಜಮಾನನೊಡನೆ ತಾನೂ ಮಲಗಿಬಿಡುತ್ತದೆ. ಮನೆಗೆ ಬೆಂಕಿ ಬಿದ್ದಾಗ ಸಾಯುವವರಲ್ಲಿ ಹೆಚ್ಚಿನವರು ಉರಿಯಿಂದ ಸಾಯುವುದಿಲ್ಲ; ಹೊಗೆಯನ್ನು ಕುಡಿದು ಸಾಯುತ್ತಾರೆ. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ಮಲಗಿದವನನ್ನು ಅದು ಇನ್ನಷ್ಟು ಮಲಗಿಸುತ್ತದೆ.

ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ಕೆಲಸವನ್ನು ಒಂದು ಯಂತ್ರಕ್ಕೆ ಒಪ್ಪಿಸಿ, ಆ ಯಂತ್ರವನ್ನು ಚಾವಣಿಗೆ ಅಂಟಿಸಿದ್ದು ಇಪ್ಪತ್ತನೆಯ ಶತಮಾನ. ಅಂಗೈಯಗಲದ ಬಿಳಿಯ ಬಿಲ್ಲೆ ಅದು. ಇಂಗ್ಲಿಷಿನಲ್ಲಿ ಸ್ಮೋಕ್ ಡಿಟೆಕ್ಟರ್ ಎನ್ನುತ್ತಾರೆ. ನಿಘಂಟುಕಾರರು ‘ಧೂಮಶೋಧಕ’ ಎಂದಾರು. ಅಷ್ಟು ಸಣ್ಣ ವಸ್ತುವಿಗೆ ಅಷ್ಟು ದೊಡ್ಡ ಹೆಸರು ಭಾರವೆಂದು ತೋರಿ ನಾನು ಹೊಗೆಗಂಟೆ ಎಂದೇ ಕರೆಯುತ್ತೇನೆ. ಅದರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದರ ಮೂಗನ್ನು, ಎಂದರೆ ಹೊಗೆಯನ್ನು ಹಿಡಿಯುವ ಉಪಾಯವನ್ನು ಹೊಗಳಿ ನಿಲ್ಲಿಸುತ್ತಾರೆ. ನನಗೆ ಅದರ ಹೊಟ್ಟೆಯ ಸಂಗತಿಯೇ ಮುಖ್ಯವೆಂದು ತೋರುತ್ತದೆ. ವರ್ಷಕ್ಕೊಮ್ಮೆ ಯಾರಾದರೂ ಸ್ಟೂಲು ಹತ್ತಿ ಅದಕ್ಕೆ ಹೊಸ ಬ್ಯಾಟರಿಯ ತುತ್ತನ್ನು ಇಡಬೇಕು. ಈ ಒಂದು ಕೆಲಸದ ಮೇಲೆ ಎಷ್ಟೋ ಪ್ರಾಣಗಳು ನಿಂತಿವೆ.

ಮೊದಮೊದಲು ಇಂಥ ಯಂತ್ರಗಳನ್ನು ಮಾಡಿದವರು ಹೊಗೆಯ ಗೊಡವೆಗೇ ಹೋಗಲಿಲ್ಲ. ಅವರು ಅರಸಿದ್ದು ಕಾವನ್ನು. ಎಡಿಸನ್ನನ ಸಹಾಯಕನಾಗಿದ್ದ ಫ್ರಾನ್ಸಿಸ್ ಅಪ್ಟನ್ ಎಂಬಾತ ಡಿಬಲ್ ಎಂಬವನೊಡನೆ ಸೇರಿ ೧೮೯೦ರಲ್ಲಿ ವಿದ್ಯುತ್ತಿನ ಬೆಂಕಿಗಂಟೆಗೆ ಪೇಟೆಂಟು ಪಡೆದ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಜಾರ್ಜ್ ಡಾರ್ಬಿ ೧೯೦೨ರ ಸುಮಾರಿನಲ್ಲಿ ಮಾಡಿದ ಯಂತ್ರದ ವಿಷಯವಾಗಿ ಒಂದು ಸೊಗಸಾದ ಕಥೆಯಿದೆ. ಎರಡು ಲೋಹದ ತಗಡುಗಳ ನಡುವೆ ಒಂದು ಬೆಣ್ಣೆಯ ತುಂಡು. ಕೋಣೆ ಕಾದರೆ ಬೆಣ್ಣೆ ಕರಗುತ್ತದೆ, ತಗಡುಗಳು ಕೂಡುತ್ತವೆ, ಗಂಟೆ ಬಾರಿಸುತ್ತದೆ. ನಮ್ಮ ರಾಯಚೂರಿನ ಬೇಸಗೆಯಲ್ಲಿ ಆ ಗಂಟೆ ನಿಲ್ಲುತ್ತಲೇ ಇರಲಿಲ್ಲವೇನೋ! ಅದಿರಲಿ. ಕಾವನ್ನು ಅರಸುವುದರಲ್ಲಿ ಒಂದು ದೊಡ್ಡ ದೋಷವಿದೆ. ಚಾವಣಿ ಕಾಯುವ ಹೊತ್ತಿಗೆ ಹೊಗೆ ತನ್ನ ಕೆಲಸವನ್ನು ಮುಗಿಸಿರುತ್ತದೆ.

ಹೊಗೆಯನ್ನು ಹಿಡಿಯುವ ವಿದ್ಯೆ ಸಿಕ್ಕಿದ್ದು ಬೇರೇನನ್ನೋ ಹುಡುಕುವಾಗ. ೧೯೩೦ರ ದಶಕದ ಕೊನೆಯಲ್ಲಿ ಯೂರೋಪು ವಿಷದ ಗಾಳಿಗೆ ಹೆದರಿತ್ತು; ಮೊದಲನೆಯ ಮಹಾಯುದ್ಧದಲ್ಲಿ ಅದರ ರುಚಿ ಕಂಡಿದ್ದ ಜನ ಎರಡನೆಯದರಲ್ಲಿಯೂ ಅದೇ ಬಂದೀತೆಂದು ಕಾದಿದ್ದರು. ಸ್ವಿಟ್ಸರ್ಲೆಂಡಿನ ಭೌತವಿಜ್ಞಾನಿ ವಾಲ್ಟರ್ ಯೇಗರ್ ವಿಷವಾಯುವನ್ನು ಗುರುತಿಸುವ ಯಂತ್ರವೊಂದನ್ನು ಕಟ್ಟಲು ಹೊರಟ. ಒಂದು ಡಬ್ಬಿಯೊಳಗಿನ ಗಾಳಿಯಲ್ಲಿ ವಿದ್ಯುತ್ಕಣಗಳನ್ನು ಎಬ್ಬಿಸಿ, ಅದರ ಮೂಲಕ ಅತ್ಯಲ್ಪ ಪ್ರವಾಹ ಹರಿಯುವಂತೆ ಮಾಡಿದ್ದ. ವಿಷವಾಯು ಒಳಗೆ ಬಂದರೆ ಪ್ರವಾಹ ತಗ್ಗಬೇಕು. ಇದು ಅವನ ಲೆಕ್ಕ. ವಿಷವಾಯು ಬಂತು, ಮುಳ್ಳು ಅಲುಗಲಿಲ್ಲ. ಬೇಸರದಿಂದ ಅವನೊಂದು ಸಿಗರೇಟು ಹಚ್ಚಿದನಂತೆ. ಮುಳ್ಳು ಸರಕ್ಕನೆ ಕೆಳಗಿಳಿಯಿತು. ವಿಷಕ್ಕೆ ಆಗದ ಕೆಲಸವನ್ನು ಹೊಗೆಯ ಕಣಗಳು ಮಾಡಿದ್ದವು. ಅವು ವಿದ್ಯುತ್ಕಣಗಳನ್ನು ಹಿಡಿದು ನಿಲ್ಲಿಸಿಕೊಂಡಿದ್ದವು.

ಯೇಗರನೊಡನೆ ಅರ್ನ್‌ಸ್ಟ್ ಮೈಲಿ ಎಂಬ ಇನ್ನೊಬ್ಬ ವಿಜ್ಞಾನಿ ಕೂಡಿಕೊಂಡ. ಆ ಕ್ಷೀಣವಾದ ಸೂಚನೆಯನ್ನು ಗಂಟೆ ಬಾರಿಸುವಷ್ಟು ಬಲಪಡಿಸುವ ಒಂದು ಬಗೆಯ ಗಾಜಿನ ಕೊಳವೆಯನ್ನು ಮಾಡಿದವನು ಮೈಲಿ. ೧೯೪೧ರಲ್ಲಿ ಇಬ್ಬರೂ ಸೇರಿ ಸ್ಥಾಪಿಸಿದ ಕಂಪನಿಯ ಹೆಸರು ಸರ್ಬೆರಸ್. ಗ್ರೀಕರ ಪುರಾಣದಲ್ಲಿ ಯಮಲೋಕದ ಬಾಗಿಲನ್ನು ಕಾಯುವ ಮೂರು ತಲೆಯ ನಾಯಿ ಇದು. ನಮ್ಮ ಯಮನಿಗೂ ಶ್ಯಾಮ, ಶಬಲ ಎಂಬ ಎರಡು ನಾಯಿಗಳಿವೆ. ಅವಕ್ಕೆ ನಾಲ್ಕು ನಾಲ್ಕು ಕಣ್ಣು. ಆ ಬಾಗಿಲಿನಲ್ಲಿ ನಾಯಿಯಿರಬೇಕೆಂಬುದು ಎರಡು ಜನಾಂಗಗಳಿಗೂ ಹೊಳೆದದ್ದು ಸೋಜಿಗ.

ಆದರೆ ಈ ನಾಯಿ ಬಡವರ ಮನೆಯದಾಗಿರಲಿಲ್ಲ. ಗಾಜಿನ ಕೊಳವೆಗೆ ಹೆಚ್ಚಿನ ವೋಲ್ಟೇಜು ಬೇಕು, ಗೋಡೆಯೊಳಗೆ ತಂತಿ ಬೇಕು, ನಿಗಾ ಇಡಲು ಒಂದು ಫಲಕ ಬೇಕು, ಅದರ ಮುಂದೆ ಒಬ್ಬ ಮನುಷ್ಯ ಬೇಕು. ೧೯೫೧ರಲ್ಲಿ ಅಮೆರಿಕಕ್ಕೆ ಬಂದ ಮೇಲೂ ಅದು ಕಾರ್ಖಾನೆ, ಉಗ್ರಾಣ ಮತ್ತು ದೊಡ್ಡ ಕಚೇರಿಗಳಲ್ಲಿಯೇ ಉಳಿಯಿತು. ಮನುಷ್ಯರು ಮಲಗುವುದು ಮನೆಯಲ್ಲಿ; ಕಾವಲು ಮಾತ್ರ ಸರಕಿಗೆ!

ಡಬ್ಬಿಯೊಳಗಿನ ಗಾಳಿಯಲ್ಲಿ ವಿದ್ಯುತ್ಕಣಗಳನ್ನು ಎಬ್ಬಿಸಲು ವಿಕಿರಣ ಸೂಸುವ ಒಂದು ಧಾತು ಬೇಕಷ್ಟೆ. ಅದಕ್ಕೆ ಕೊನೆಗೆ ಒದಗಿದ್ದು ಅಮೆರಿಸಿಯಂ. ಇದರ ಹುಟ್ಟಿನ ಕಥೆಯನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. ೧೯೪೪ರಲ್ಲಿ, ಅಣುಬಾಂಬಿನ ಸಿದ್ಧತೆ ಗುಟ್ಟಾಗಿ ನಡೆಯುತ್ತಿದ್ದಾಗ, ಷಿಕಾಗೋ ನಗರದಲ್ಲಿ ಗ್ಲೆನ್ ಸೀಬೋರ್ಗ್ ಮತ್ತು ಸಂಗಡಿಗರು ಇದನ್ನು ಕಂಡುಹಿಡಿದರು. ಯುದ್ಧ ಮುಗಿದ ಮೇಲೆ, ೧೯೪೫ರ ನವೆಂಬರ್ ೧೧ರಂದು, ಸೀಬೋರ್ಗ್ ಮಕ್ಕಳ ರೇಡಿಯೋ ಕಾರ್ಯಕ್ರಮವೊಂದಕ್ಕೆ ಅತಿಥಿಯಾಗಿ ಹೋಗಿದ್ದ. ಹೊಸ ಧಾತುಗಳೇನಾದರೂ ಸಿಕ್ಕಿವೆಯೆ ಎಂದು ಒಂದು ಮಗು ಕೇಳಿತು. ವಿಜ್ಞಾನಿಗಳ ಸಭೆಯಲ್ಲಿ ಪ್ರಕಟಿಸಲು ಇನ್ನೂ ಕೆಲವು ದಿನಗಳಿದ್ದವು. ಆದರೂ ಆತ ಮಗುವಿಗೆ ಸುಳ್ಳು ಹೇಳಲಿಲ್ಲ. ತೊಂಬತ್ತೈದು, ತೊಂಬತ್ತಾರನೆಯ ಧಾತುಗಳು ಸಿಕ್ಕಿವೆ ಎಂದ. ಆ ತೊಂಬತ್ತೈದನೆಯದೇ ಅಮೆರಿಸಿಯಂ. ೧೯೬೨ರಲ್ಲಿ ಅಮೆರಿಕದ ಅಣುಶಕ್ತಿ ಆಯೋಗ ಇದನ್ನು ಗ್ರಾಮಿಗೆ ೧,೫೦೦ ಡಾಲರಿನಂತೆ ಮಾರಾಟಕ್ಕಿಟ್ಟಿತು. ಹೌಹಾರಬೇಕಾಗಿಲ್ಲ, ಒಂದು ಗ್ರಾಮಿನಿಂದ ಮೂವತ್ತು ಲಕ್ಷಕ್ಕೂ ಹೆಚ್ಚು ಹೊಗೆಗಂಟೆಗಳನ್ನು ಮಾಡಬಹುದು. ಅದು ಸೂಸುವ ಕಣಗಳನ್ನು ಒಂದು ಹಾಳೆ ಕಾಗದ ತಡೆಯುತ್ತದೆ. ಅದರ ಅರ್ಧಾಯುಷ್ಯ ೪೩೨ ವರ್ಷ.

ಹಾಗೆ ಹೊಗೆಗಂಟೆಗೆ ನಾಲ್ಕು ಶತಮಾನಕ್ಕೂ ಬಾಳುವ ಮೂಗು ದೊರೆಯಿತು. ಹೊಟ್ಟೆಗೆ ಏನು ಹಾಕುವುದು ಎಂಬ ಪ್ರಶ್ನೆ ಉಳಿಯಿತು.

ಇದಕ್ಕೆ ಉತ್ತರ ಸಿಕ್ಕಿದ್ದು ೧೯೬೦ರ ದಶಕದಲ್ಲಿ. ಗಾಜಿನ ಕೊಳವೆಯ ಸ್ಥಾನಕ್ಕೆ ಟ್ರಾನ್ಸಿಸ್ಟರು ಬಂದು, ಯಂತ್ರದ ಹಸಿವು ಬಹಳವಾಗಿ ತಗ್ಗಿತು. ಕೊಲೊರಾಡೊ ಪ್ರಾಂತದ ಡುವೇನ್ ಪಿಯರ್ಸಲ್ ಎಂಬವರ ಸಣ್ಣ ಕಂಪನಿ, ಛಾಯಾಚಿತ್ರದ ಕತ್ತಲೆಕೋಣೆಗಳಲ್ಲಿ ಸ್ಥಿರವಿದ್ಯುತ್ತನ್ನು ಕಳೆಯುವ ಯಂತ್ರಗಳನ್ನು ಮಾಡುತ್ತಿತ್ತು. ಅಲ್ಲಿಯೂ ಒಬ್ಬ ಕೆಲಸಗಾರ ಸಿಗರೇಟು ಸೇದಿದಾಗ ಮೀಟರಿನ ಮುಳ್ಳು ಬಿತ್ತೆಂದು ಹೇಳುತ್ತಾರೆ. ಒಂದೇ ಕಥೆ ಎರಡು ಸಲ ನಡೆಯುವುದುಂಟೆ ಎಂದು ಓದುಗರು ಹುಬ್ಬೇರಿಸಬಹುದು. ಆ ಕಾಲದ ಪ್ರಯೋಗಾಲಯಗಳಲ್ಲಿ ಸಿಗರೇಟು ಸೇದದವರೇ ಅಪರೂಪವಾಗಿದ್ದರೆಂಬುದನ್ನು ನೆನೆದರೆ ಅಷ್ಟು ಆಶ್ಚರ್ಯವಾಗದು. ನನಗೆ ಆಶ್ಚರ್ಯವಾಗುವುದು ಬೇರೊಂದು ಸಂಗತಿ. ಅಮೆರಿಕದ ಮನೆಗಳ ಬೆಂಕಿಯಲ್ಲಿ ಅತ್ಯಂತ ಹೆಚ್ಚು ಜನರನ್ನು ಕೊಂದ ಕಾರಣಗಳಲ್ಲಿ, ಹಾಸಿಗೆಯ ಮೇಲೋ ಸೋಫದ ಮೇಲೋ ಬಿದ್ದ ಇದೇ ಸಿಗರೇಟಿನ ಕಿಡಿ ಮುಂದಿನ ಸಾಲಿನಲ್ಲಿದೆ.

ಬ್ಯಾಟರಿಯಿಂದ ನಡೆಯುವ ಮನೆಯ ಹೊಗೆಗಂಟೆಯನ್ನು ಮೊದಲು ಮಾಡಿದವರು ತಾವೆಂದು ಹೇಳಿಕೊಳ್ಳುವವರು ಒಬ್ಬಿಬ್ಬರಲ್ಲ. ಪಿಯರ್ಸಲ್ ಅವರಲ್ಲಿ ಮುಖ್ಯರು. ಆ ವ್ಯಾಜ್ಯದಿಂದ ನಮಗೇನೂ ಆಗಬೇಕಾದ್ದಿಲ್ಲ. ಆದ ಲಾಭವನ್ನು ನೋಡೋಣ. ತಂತಿ ಬೇಡವಾಯಿತು. ಎಲೆಕ್ಟ್ರಿಶಿಯನ್ ಬೇಡವಾದ. ಎರಡು ಸ್ಕ್ರೂ ತಿರುಗಿಸಬಲ್ಲ ಗೃಹಸ್ಥನೇ ಕಾವಲುಗಾರನನ್ನು ನೇಮಿಸಿಕೊಳ್ಳುವಂತಾಯಿತು. ೧೯೭೩ರಲ್ಲಿ ಅಮೆರಿಕದ ರಾಷ್ಟ್ರೀಯ ಆಯೋಗವೊಂದು ‘ಅಮೆರಿಕ ಬರ್ನಿಂಗ್’ ಎಂಬ ವರದಿಯಲ್ಲಿ, ಎಲ್ಲ ಬಗೆಯ ಬೆಂಕಿಗಳಿಂದ ವರ್ಷಕ್ಕೆ ಸುಮಾರು ಹನ್ನೆರಡು ಸಾವಿರ ಜನ ಸಾಯುತ್ತಿದ್ದಾರೆಂದು ಅಂದಾಜು ಮಾಡಿ, ಮನೆಮನೆಗೂ ಇಂಥ ಗಂಟೆ ಬೇಕೆಂದಿತು. ಮೊದಲು ನೂರಿಪ್ಪತ್ತೈದು ಡಾಲರಿನಷ್ಟಿದ್ದ ಬೆಲೆ ಕೆಲವೇ ವರ್ಷಗಳಲ್ಲಿ ಐದರಲ್ಲೊಂದು ಪಾಲಿಗೆ ಇಳಿಯಿತು. ೧೯೭೬ರಲ್ಲಿ ಸುಮಾರು ಎಂಬತ್ತು ಲಕ್ಷ, ಮರುವರ್ಷ ಒಂದು ಕೋಟಿ ಇಪ್ಪತ್ತು ಲಕ್ಷ ಮಾರಾಟವಾದವು. ೧೯೭೭ರಲ್ಲಿ ಆ ದೇಶದ ಮನೆಗಳ ಬೆಂಕಿಯಲ್ಲಿ ಆರು ಸಾವಿರದ ಸಮೀಪಕ್ಕೆ ಜನ ಸತ್ತಿದ್ದರು. ಈಚಿನ ವರ್ಷಗಳಲ್ಲಿ ಆ ಸಂಖ್ಯೆ ಮೂರು ಸಾವಿರದೊಳಗಿದೆ, ಜನಸಂಖ್ಯೆ ಎಷ್ಟೋ ಬೆಳೆದಿದ್ದರೂ. ಎಲ್ಲವೂ ಹೊಗೆಗಂಟೆಯ ಪುಣ್ಯವೇ ಅಲ್ಲ. ಸಿಗರೇಟು ಸೇದುವವರು ಕಡಿಮೆಯಾದರು, ಹಾಸಿಗೆ ಸೋಫಗಳಿಗೂ ನಿಯಮಗಳು ಬಂದವು. ಆದರೂ ಗಂಟೆಯ ಪಾಲು ದೊಡ್ಡದು.

ಬಹುಕಾಲ ಅದರ ಹೊಟ್ಟೆಯನ್ನು ತುಂಬಿದ್ದು ಒಂಬತ್ತು ವೋಲ್ಟಿನ ಚೌಕ ಬ್ಯಾಟರಿ. ತಲೆಯ ಮೇಲೆ ಎರಡು ಗುಂಡಿಗಳಿರುವ ಅದನ್ನು ನಮ್ಮವರಲ್ಲಿ ನೋಡದವರಾರು? ೧೯೫೬ರಲ್ಲಿ ಅದು ಹುಟ್ಟಿದ್ದು ಟ್ರಾನ್ಸಿಸ್ಟರ್ ರೇಡಿಯೋಗಾಗಿ. ಬಿಚ್ಚಿ ನೋಡಿದರೆ ಒಳಗೆ ಒಂದೂವರೆ ವೋಲ್ಟಿನ ಆರು ಪುಟ್ಟ ಸೆಲ್ಲುಗಳು ಒಂದರ ಹಿಂದೊಂದು ಕೈಹಿಡಿದು ನಿಂತಿರುತ್ತವೆ. ನಮ್ಮ ಹಳ್ಳಿಗಳ ಕಡೆ ಇಂದಿಗೂ ಟಾರ್ಚಿಗೆ ‘ಬ್ಯಾಟ್ರಿ’ ಎನ್ನುತ್ತಾರೆ, ಅದರೊಳಗೆ ಹಾಕುವುದನ್ನು ‘ಶೆಲ್ಲು’ ಎನ್ನುತ್ತಾರೆ. ಈ ಲೆಕ್ಕದಲ್ಲಿ ಹೊಗೆಗಂಟೆಯೊಳಗೆ ಆರು ಶೆಲ್ಲುಗಳಿವೆ. ಹಾಡು ಕೇಳಲು ಹುಟ್ಟಿದ ವಸ್ತು ಅರಚಲು ಕಲಿತದ್ದು ಹೀಗೆ.

ಇಲ್ಲಿಂದಲೇ ತೊಡಕೂ ಹುಟ್ಟಿತು. ತಂತಿಯ ಹಂಗಿನಿಂದ ಬಿಡಿಸಿದ ಬ್ಯಾಟರಿಯೇ ಗಂಟೆಯನ್ನು ಮನುಷ್ಯನ ಹಂಗಿಗೆ ಒಪ್ಪಿಸಿತು. ಬ್ಯಾಟರಿ ಸಾಯುತ್ತದೆ, ಸತ್ತದ್ದು ಹೊರಗಿನಿಂದ ಕಾಣುವುದಿಲ್ಲ. ಸತ್ತ ಬ್ಯಾಟರಿಯ ಗಂಟೆ ಚಾವಣಿಯ ಮೇಲೆ ಮೊದಲಿನಷ್ಟೇ ಬೆಳ್ಳಗೆ, ಮೊದಲಿನಷ್ಟೇ ಗಂಭೀರವಾಗಿ ಕುಳಿತಿರುತ್ತದೆ. ಆದ್ದರಿಂದ ಯಂತ್ರಕ್ಕೆ ತನ್ನ ಹಸಿವನ್ನು ತಾನೇ ಹೇಳಿಕೊಳ್ಳುವುದನ್ನು ಕಲಿಸಿದರು. ಬ್ಯಾಟರಿಯ ಬಲ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ನಿಮಿಷಕ್ಕೊಂದಾವರ್ತಿಯಾದರೂ ಅದು ‘ಚಿಂವ್’ ಎನ್ನಬೇಕು, ಏಳು ದಿನವಾದರೂ ಹಾಗೆ ಕೂಗುವಷ್ಟು ಶಕ್ತಿಯನ್ನು ಕೂಡಿಟ್ಟುಕೊಂಡಿರಬೇಕು ಎಂಬುದು ಅಮೆರಿಕದ ಪರೀಕ್ಷಾಸಂಸ್ಥೆಯ ನಿಯಮ. ನಮ್ಮ ಮನೆಗಳಲ್ಲಿ ಹಲ್ಲಿ ಲೊಚಗುಟ್ಟಿದರೆ ಆಡುತ್ತಿದ್ದ ಮಾತು ನಿಜವೆಂದು ನೆಲ ತಟ್ಟುತ್ತೇವೆ. ಅವರ ಚಾವಣಿಯ ಹಲ್ಲಿ ಲೊಚಗುಟ್ಟಿದರೆ ಸ್ಟೂಲು ಹುಡುಕಬೇಕು.

ಈ ಚಿಂವ್ ಎಂಬುದು ನಡುರಾತ್ರಿಯಲ್ಲಿಯೇ ಏಕೆ ಮೊದಲಾಗುತ್ತದೆ ಎಂದು ಗೊಣಗದವರಿಲ್ಲ. ಇದರಲ್ಲಿ ಯಂತ್ರದ ಕುಚೋದ್ಯವೇನೂ ಇಲ್ಲ. ಬ್ಯಾಟರಿಯೊಳಗಿನ ರಸಾಯನಕ್ರಿಯೆ ಚಳಿಯಲ್ಲಿ ಮಂದವಾಗುತ್ತದೆ, ವೋಲ್ಟೇಜು ತುಸು ಇಳಿಯುತ್ತದೆ. ಮನೆ ತಣ್ಣಗಾಗುವುದು ಬೆಳಗಿನ ಜಾವ. ಮುದಿ ಬ್ಯಾಟರಿ ಆ ಹೊತ್ತಿಗೆ ಗೆರೆ ದಾಟಿ ಕೂಗುತ್ತದೆ. ಬಿಸಿಲೇರಿದ ಮೇಲೆ ಚೇತರಿಸಿಕೊಂಡು ಸುಮ್ಮನಾಗುತ್ತದೆ. ಮನೆಯವರು ತಾನೇ ಸರಿಹೋಯಿತೆಂದುಕೊಂಡು ಆಫೀಸಿಗೆ ಹೋಗುತ್ತಾರೆ. ಮರುದಿನ ಮತ್ತೆ ಮೂರು ಗಂಟೆಗೆ ಚಿಂವ್! ಮೂರನೆಯ ದಿನ ಯಾರೋ ಒಬ್ಬರು ಕುರ್ಚಿ ಹತ್ತಿ ಬ್ಯಾಟರಿಯನ್ನು ಕಿತ್ತಿಡುತ್ತಾರೆ. ಬೆಳಿಗ್ಗೆ ಹೊಸದನ್ನು ತರೋಣವೆಂದೇ ಎಲ್ಲರ ಸಂಕಲ್ಪ.

ಬ್ಯಾಟರಿ ಕೀಳಿಸುವ ಇನ್ನೊಂದು ಕಾರಣ ಅಡುಗೆಮನೆ. ನೈಯಾಯಿಕರಿಗೆ ದೃಷ್ಟಾಂತವಾಗಿದ್ದುದೇ ಇಲ್ಲಿ ಪೀಡೆಯಾಯಿತು. ಬಾಣಲೆಯ ಹೊಗೆಗೂ ಹಾಸಿಗೆಯ ಹೊಗೆಗೂ ಇರುವ ಭೇದವನ್ನು ಹಳೆಯ ಗಂಟೆ ತಿಳಿಯದು. ನ್ಯೂಜೆರ್ಸಿಯಲ್ಲಿರುವ ಮಗಳ ಮನೆಯಲ್ಲಿ ನಾನು ಒಂದು ಚಳಿಗಾಲವನ್ನು ಕಳೆದೆ. ಕಿಟಕಿಗಳೆಲ್ಲ ಭದ್ರ. ಬ್ಯಾಡಗಿ ಮೆಣಸಿನಕಾಯಿಯ ಒಗ್ಗರಣೆಯ ಘಾಟು ಏಳುವುದೇ ತಡ, ನಡುಮನೆಯ ಗಂಟೆ ಕಿವಿ ತೂತಾಗುವಂತೆ ಅರಚುತ್ತಿತ್ತು. ನನ್ನ ಹೆಂಡತಿ ಸೌಟು ಹಿಡಿದುಕೊಂಡೇ, “ಏನ್ರೀ ಇದು, ಸಾರಿಗೆ ಒಗ್ಗರಣೆ ಹಾಕಿದರೆ ಪೊಲೀಸರನ್ನ ಕರೆಯೋ ಹಾಗೆ ಕೂಗುತ್ತೆ!” ಎಂದಳು. ಅಳಿಯಂದಿರು ಬ್ಯಾಟರಿಯನ್ನು ಕಿತ್ತು ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿಟ್ಟರು. ಮಗಳು ಆಫೀಸಿನಿಂದ ಬಂದವಳೇ ಅದನ್ನು ನೋಡಿ, “ಅಪ್ಪಾ, ಇದು ಇಲ್ಲಿದ್ದರೆ ನಾವು ಮಲಗೋ ಹಾಗಿಲ್ಲ” ಎಂದು, ಕೋಟನ್ನೂ ಕಳಚದೆ ಸ್ಟೂಲು ಹತ್ತಿದಳು. ಆ ಭಾನುವಾರ ಗಂಟೆ ಒಲೆಯಿಂದ ಹತ್ತಡಿಗೂ ಹೆಚ್ಚು ದೂರಕ್ಕೆ ಹೋಯಿತು. ಅದಕ್ಕೆ ಬದಲಾಗಿ ಬೆಳಕಿನ ಕಿರಣದಿಂದ ಹೊಗೆಯನ್ನು ಹಿಡಿಯುವ ಹೊಸ ಬಗೆಯದೊಂದನ್ನೂ ತಂದರು. ಈ ಬಗೆಯದು ಒಗ್ಗರಣೆಗೆ ಅಷ್ಟಾಗಿ ಬೆಚ್ಚುವುದಿಲ್ಲ. ಸೋಫ ಮೆಲ್ಲಗೆ ಕನಲುವಾಗಿನ ಹೊಗೆಯನ್ನು ಬೇಗ ಹಿಡಿಯುತ್ತದೆ. ಭಗ್ಗನೆ ಹತ್ತುವ ಉರಿಗೆ ಹಳೆಯ ಅಮೆರಿಸಿಯಂ ಗಂಟೆಯೇ ಚುರುಕು.

ಎಲ್ಲ ಮನೆಗಳಲ್ಲಿಯೂ ಹಾಗೆ ಕೋಟು ಕಳಚದೆ ಸ್ಟೂಲು ಹತ್ತುವವರು ಇರುವುದಿಲ್ಲ. ಬ್ಯಾಟರಿ ಭರಣಿಯ ಪಕ್ಕದಿಂದ ಮಕ್ಕಳ ಆಟದ ಸಾಮಾನಿಗೆ ಹೋಗುತ್ತದೆ, ಅಲ್ಲಿಂದ ಕಸದ ಬುಟ್ಟಿಗೆ. ೧೯೯೦ರ ದಶಕದ ಮೊದಲಲ್ಲಿ ಅಮೆರಿಕದ ಸರ್ಕಾರ ನಡೆಸಿದ ಸಮೀಕ್ಷೆಯಲ್ಲಿ, ಹೊಗೆಗಂಟೆ ಇಟ್ಟುಕೊಂಡಿದ್ದ ಐದು ಮನೆಗಳಲ್ಲಿ ಒಂದರಲ್ಲಿ ಕೆಲಸ ಮಾಡುವ ಗಂಟೆ ಒಂದೂ ಇರಲಿಲ್ಲ. ಬೆಂಕಿ ಬಿದ್ದ ಮನೆಗಳನ್ನು ಲೆಕ್ಕ ಹಾಕುವವರು ಈಚೆಗೂ ಹೇಳುವ ಮಾತೇನೆಂದರೆ, ಸತ್ತ ಐವರಲ್ಲಿ ಮೂವರು ಸತ್ತದ್ದು ಗಂಟೆಯೇ ಇಲ್ಲದ, ಇಲ್ಲವೆ ಇದ್ದರೂ ಕೂಗದ ಮನೆಗಳಲ್ಲಿ. ಕೂಗದ ಬ್ಯಾಟರಿ ಗಂಟೆಗಳನ್ನು ಬೂದಿಯಿಂದ ಎತ್ತಿ ಬಿಚ್ಚಿ ನೋಡಿದರೆ, ಹೆಚ್ಚಾಗಿ ಕಾಣುವುದು ಬ್ಯಾಟರಿಯಿಲ್ಲದ ಖಾಲಿ ಗೂಡು, ಅಥವಾ ಗುಂಡಿ ಕಳಚಿಟ್ಟ ತಂತಿ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಯಂತ್ರ ಕೆಟ್ಟಿದ್ದರೆ ಯಾರನ್ನಾದರೂ ಬೈಯಬಹುದಿತ್ತು.

ಅಮೆರಿಕದ ಅಗ್ನಿಶಾಮಕದವರು ಬ್ಯಾಟರಿ ಕಂಪನಿಯೊಂದರ ಜೊತೆಗೂಡಿ ೧೯೮೦ರ ದಶಕದ ಕೊನೆಯಿಂದ ಒಂದು ಉಪಾಯ ಹೂಡಿದರು. ಆ ದೇಶದಲ್ಲಿ ವರ್ಷಕ್ಕೆರಡು ಸಲ, ಮಾರ್ಚಿ ಮತ್ತು ನವೆಂಬರಿನಲ್ಲಿ, ಗಡಿಯಾರವನ್ನು ಒಂದು ಗಂಟೆ ಮುಂದಕ್ಕೂ ಹಿಂದಕ್ಕೂ ತಿರುಗಿಸುತ್ತಾರೆ. ಗಡಿಯಾರ ತಿರುಗಿಸುವ ದಿನ ಬ್ಯಾಟರಿಯನ್ನೂ ಬದಲಾಯಿಸಿರೆಂದು ಸಾರಿದರು. ನೋಂಪಿಯನ್ನು ತಿಥಿಗೆ ಕಟ್ಟುವುದು ನಮ್ಮ ಹಿರಿಯರಿಗೂ ಗೊತ್ತಿದ್ದ ಉಪಾಯ. ಮಗಳ ಮನೆಯಲ್ಲಿ ಈ ಕೆಲಸ ಆಯುಧಪೂಜೆಯ ದಿನ ನಡೆಯುತ್ತದೆ. ಕಾರಿಗೆ ಕುಂಕುಮವಿಟ್ಟ ಮೇಲೆ, ಮನೆಯ ಗಂಟೆಗಳನ್ನೆಲ್ಲ ಎಡಕ್ಕೆ ತಿರುಗಿಸಿ ಬಿಚ್ಚಿ, ಧೂಳು ಒರೆಸಿ, ಹೊಸ ಬ್ಯಾಟರಿಯ ಮೇಲೆ ಪೆನ್ನಿನಿಂದ ತಾರೀಖು ಬರೆದು ಗುಂಡಿಗೆ ಗುಂಡಿ ಕೂಡಿಸುತ್ತಾರೆ. ಕೊನೆಗೆ ಪರೀಕ್ಷೆಯ ಗುಂಡಿಯನ್ನು ಒತ್ತಿ ಅದು ಅರಚುವುದನ್ನು ಕಿವಿಯಾರೆ ಕೇಳಬೇಕು. ಇಷ್ಟೇ ವಿಧಿ; ಐದು ನಿಮಿಷ ಸಾಕು.

ನಮ್ಮ ಊರುಗಳ ಮಾತೇನು? ಹಂಚಿನ ಮನೆಗೆ ಬೆಳಕಿಂಡಿಯಿತ್ತು, ಹೊಗೆ ಹೋಗಲು ಗೂಡಿತ್ತು. ಹೊಗೆ ನಮ್ಮ ಮನೆಯ ಸದಸ್ಯನೇ ಆಗಿದ್ದ. ಈಗ ಬೆಂಗಳೂರಿನಲ್ಲಿಯೂ ಹತ್ತಾರು ಮಹಡಿಗಳ ಮೇಲೆ, ಗಾಜು ಮುಚ್ಚಿದ ಕೋಣೆಗಳಲ್ಲಿ ಬದುಕುತ್ತೇವೆ. ೨೦೧೦ರ ಫೆಬ್ರವರಿ ೨೩ರಂದು ಹಳೆಯ ವಿಮಾನನಿಲ್ದಾಣದ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ಉಸಿರಿಗಾಗಿ ಕಿಟಕಿಯಿಂದ ಹಾರಿದವರೂ ಇದ್ದರು. ಒಂಬತ್ತು ಮಂದಿ ಸತ್ತರು. ಅದು ಹಗಲಿನ ಹೊತ್ತು, ಆಫೀಸಿನ ಕಟ್ಟಡ, ಎಲ್ಲರೂ ಎಚ್ಚರವಾಗಿದ್ದರು.

ಸ್ಟೂಲು ಹತ್ತುವ ಮನುಷ್ಯನನ್ನೇ ಕೈಬಿಡುವುದು ಈಚಿನ ಮಾರ್ಗ. ಹತ್ತು ವರ್ಷ ಬಾಳುವ ಲಿಥಿಯಂ ಬ್ಯಾಟರಿಯನ್ನು ಒಳಗಿಟ್ಟು ಬೆಸೆದುಬಿಡುತ್ತಾರೆ, ಬೇಕೆಂದರೂ ಕೀಳಲಾಗದು. ಒಗ್ಗರಣೆಗೆ ಕೂಗಿದರೆ ಕೆಲವು ನಿಮಿಷ ಸುಮ್ಮನಿರಿಸಲು ಒಂದು ಗುಂಡಿ ಮಾತ್ರ ಉಂಟು. ಬ್ಯಾಟರಿಯಿಂದ ಮಾತ್ರ ನಡೆಯುವ ಹೊಸ ಗಂಟೆಗಳು ಹೀಗೆಯೇ ಇರತಕ್ಕದ್ದೆಂದು ಕ್ಯಾಲಿಫೋರ್ನಿಯದಲ್ಲಿ ೨೦೧೪ರಿಂದಲೂ ನ್ಯೂಯಾರ್ಕ್ ಪ್ರಾಂತದಲ್ಲಿ ೨೦೧೯ರಿಂದಲೂ ಕಾನೂನಿದೆ. ಸ್ಕಾಟ್ಲೆಂಡಿನಲ್ಲಿ ೨೦೨೨ರ ಫೆಬ್ರವರಿಯಿಂದ ಪ್ರತಿ ಮನೆಯಲ್ಲಿಯೂ ಗಂಟೆಗಳು ಒಂದಕ್ಕೊಂದು ಜೋಡಿಕೊಂಡಿರಬೇಕು. ಒಂದು ಕೂಗಿದರೆ ಎಲ್ಲವೂ ಕೂಗುತ್ತವೆ. ನನ್ನನ್ನು ಕೇಳಿದರೆ ಇದು ಒಳ್ಳೆಯ ಕಾನೂನೇ. ಆಯುಧಪೂಜೆಯ ಒಂದು ಕೆಲಸ ತಪ್ಪಿತೆಂದು ಮಗಳು ಬೇಸರಪಟ್ಟಾಳು, ಅಷ್ಟೆ.

ಹತ್ತು ವರ್ಷವಾದ ಮೇಲೆ ಈ ಗಂಟೆ ಕೊನೆಯ ಸಲ ಚಿಂವ್ ಎನ್ನುತ್ತದೆ. ಆಗ ಬ್ಯಾಟರಿಯ ಜೊತೆಗೆ ಇಡೀ ಯಂತ್ರವನ್ನೇ ಇಳಿಸಿ ಹೊಸದನ್ನು ಹಾಕುತ್ತಾರೆ. ಧೂಳು ಕುಳಿತು ಮುಪ್ಪಾದ ಯಂತ್ರವನ್ನು ಅದಕ್ಕಿಂತ ಹೆಚ್ಚು ಕಾಲ ನಂಬುವಂತಿಲ್ಲ. ಹಳೆಯದನ್ನು ಮನೆಯ ಕಸದೊಡನೆ ಹಾಕಲು ಅಮೆರಿಕದ ಬಹುತೇಕ ಊರುಗಳಲ್ಲಿ ಅನುಮತಿಯಿದೆ. ಅದು ಹಳೆಯ ಬಗೆಯದಾಗಿದ್ದರೆ, ಅದರೊಳಗಿನ ಅಮೆರಿಸಿಯಂ ಆ ಹೊತ್ತಿಗೆ ನೂರರಲ್ಲಿ ಎರಡು ಪಾಲಿನಷ್ಟೂ ಸವೆದಿರುವುದಿಲ್ಲ.